ಸರಳ ಜಾಲತಾಣವನ್ನು ಕಟ್ಟುವ ಬಗೆ

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ನಾನು ಮಾಡಿಕೊಟ್ಟ ಜಾಲತಾಣದ ಮುಖಪುಟದಲ್ಲಿ ಒಂದು ದೊಡ್ಡ ಚಿತ್ರ, ಅದರ ಮೇಲೆ ಒಂದು ಸಾಲಿನ ಬರಹ, ಮೂಲೆಯಲ್ಲಿ ಮೂರು ಗೆರೆಗಳ ಚಿಹ್ನೆ, ಇಷ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ನೋಡಿದವರೆಲ್ಲ ಎಷ್ಟು ಅಚ್ಚುಕಟ್ಟಾಗಿದೆ, ಎಷ್ಟು ಸರಳವಾಗಿದೆ ಎಂದು ಹೊಗಳಿದರು, ನಾನೂ ಹಿಗ್ಗಿದೆ. ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿ ದೂರವಾಣಿ ನೋಡಿಕೊಳ್ಳುತ್ತಿದ್ದವರು ಬೇರೆಯೇ ಸಮಾಚಾರ ತಂದರು. ಹಳೆಯ ತಾಣವಿದ್ದಾಗ ಬರುತ್ತಿದ್ದುದಕ್ಕಿಂತ ಈಗ ಹೆಚ್ಚು ಕರೆಗಳು ಬರುತ್ತಿವೆ, ಕರೆ ಮಾಡಿದವರೆಲ್ಲ ಕೇಳುವುದು ಕಚೇರಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದನ್ನೇ ಎಂದು ಅವರು ದೂರಿದರು. ಸಮಯದ ವಿವರ ತಾಣದಲ್ಲಿ ಇದ್ದೇ ಇತ್ತು. ಆದರೆ ಮೂರು ಗೆರೆಗಳನ್ನು ಒತ್ತಿ, ತೆರೆದುಕೊಂಡ ಪಟ್ಟಿಯಲ್ಲಿ ‘ನಮ್ಮ ಬಗ್ಗೆ’ ಎಂಬುದನ್ನು ಆರಿಸಿ, ಆ ಪುಟದ ಬುಡದವರೆಗೆ ಇಳಿದವರಿಗೆ ಮಾತ್ರ ಅದು ಕಾಣುತ್ತಿತ್ತು.

ನಾನು ತೆಗೆದುಹಾಕಿದ್ದು ತೊಡಕನ್ನಲ್ಲ, ಅದರ ಗುರುತುಗಳನ್ನು ಮಾತ್ರ ಎಂಬುದು ಆಗ ಅರಿವಾಯಿತು. ಕಂಪ್ಯೂಟರಿನಲ್ಲಿ ಪಠ್ಯವನ್ನು ಕತ್ತರಿಸಿ, ನಕಲಿಸಿ, ಅಂಟಿಸುವ ಸೌಲಭ್ಯವನ್ನು ರೂಪಿಸಿದವರಲ್ಲಿ ಒಬ್ಬರಾದ ಲ್ಯಾರಿ ಟೆಸ್ಲರ್ 1980ರ ದಶಕದಲ್ಲಿ ಮುಂದಿಟ್ಟ ವಿಚಾರವೊಂದು ಇಲ್ಲಿ ದಾರಿ ತೋರಿಸುತ್ತದೆ. ಪ್ರತಿಯೊಂದು ಕೆಲಸದಲ್ಲಿಯೂ ಎಷ್ಟು ಕಡಿದರೂ ಕಡಿಮೆಯಾಗದಷ್ಟು ತೊಡಕು ಇದ್ದೇ ಇರುತ್ತದೆ. ಅದನ್ನು ಹೊರುವವರು ಯಾರು, ಕಟ್ಟುವವರೋ ಬಳಸುವವರೋ, ಎಂಬುದಷ್ಟೇ ನಾವು ತೀರ್ಮಾನಿಸಬೇಕಾದ ವಿಷಯ ಎಂಬುದು ಅವರ ನಿಲುವು. ಈ ಬರಹದಲ್ಲಿ ಸರಳತೆ ಎಂಬ ಪದವನ್ನು ನಾನು ಬಳಸುವುದು ಈ ಅರ್ಥದಲ್ಲಿ: ಬಂದವರ ಶ್ರಮವನ್ನು ಕಟ್ಟುವವರು ತಮ್ಮ ಮೇಲೆ ಹಾಕಿಕೊಳ್ಳುವುದು. ಮುಂದೆ ಹೇಳುವ ಹಂತಗಳಲ್ಲಿ ಬಹಳಷ್ಟು, ಪುಟದ ಮೇಲೆ ಕೈಯಾಡಿಸುವುದಕ್ಕೂ ಮೊದಲೇ ಮಾಡಿ ಮುಗಿಸಬೇಕಾದವು.

ಮೊದಲು ಪ್ರಶ್ನೆಗಳ ಪಟ್ಟಿ

ವಿನ್ಯಾಸದ ತಂತ್ರಾಂಶವನ್ನು ತೆರೆಯುವ ಮೊದಲು ಒಂದು ಹಾಳೆಯ ಮೇಲೆ, ಜನ ಈ ತಾಣಕ್ಕೆ ಯಾವ ಪ್ರಶ್ನೆಗಳನ್ನು ಹೊತ್ತು ಬರುತ್ತಾರೆ ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ‘ಸೇವೆಗಳು’ ಎಂದು ಬರೆದರೆ ಉಪಯೋಗವಿಲ್ಲ. ‘ಇವತ್ತು ತೆರೆದಿದೆಯೇ’, ‘ಎಷ್ಟು ಖರ್ಚಾಗುತ್ತದೆ’, ‘ಯಾವ ಕಾಗದಪತ್ರ ತರಬೇಕು’, ‘ಕೊಟ್ಟ ಅರ್ಜಿ ಎಲ್ಲಿಯವರೆಗೆ ಬಂತು’ ಎಂಬಂತಹ ಮಾತುಗಳು ಬೇಕು. ಇವುಗಳನ್ನು ಊಹಿಸಿ ಬರೆಯುವ ಅಗತ್ಯವಿಲ್ಲ. ದೂರವಾಣಿಗೆ ಉತ್ತರಿಸುವವರನ್ನು ಕೇಳಿದರೆ ಹತ್ತು ನಿಮಿಷದಲ್ಲಿ ಅರ್ಧ ಪಟ್ಟಿ ಸಿದ್ಧವಾಗುತ್ತದೆ. ಉಳಿದರ್ಧ ಬಂದ ಇಮೇಲ್‌ಗಳಲ್ಲಿಯೂ, ಹಳೆಯ ತಾಣವೊಂದು ಇದ್ದರೆ ಅದರ ಹುಡುಕು ಪೆಟ್ಟಿಗೆಯಲ್ಲಿ ಜನ ಟೈಪ್ ಮಾಡಿದ ಪದಗಳಲ್ಲಿಯೂ ಸಿಗುತ್ತದೆ. ಹುಡುಕು ಪೆಟ್ಟಿಗೆಯ ದಾಖಲೆ ಬಹಳ ಪ್ರಾಮಾಣಿಕವಾದದ್ದು. ಮೆನುವಿನಲ್ಲಿ ಸಿಗದೆ ಹೋದದ್ದನ್ನೇ ಜನ ಅಲ್ಲಿ ಹುಡುಕಿರುತ್ತಾರೆ.

ಪಟ್ಟಿಯನ್ನು ಎಷ್ಟು ಮಂದಿ ಕೇಳುತ್ತಾರೆ ಎಂಬ ಕ್ರಮದಲ್ಲಿ ಜೋಡಿಸಿ. ಮೊದಲ ಮೂರು ನಾಲ್ಕು ಪ್ರಶ್ನೆಗಳಿಗೆ ಮುಖಪುಟದಲ್ಲಿಯೇ ಉತ್ತರವಿರಬೇಕು, ನಂತರದವುಗಳಿಗೆ ಮುಖಪುಟದಿಂದ ನೇರ ಕೊಂಡಿಯಿರಬೇಕು, ಉಳಿದವು ಒಳಪುಟಗಳಲ್ಲಿ ಇದ್ದರೆ ಸಾಕು. ಸಂಸ್ಥೆಯ ಇತಿಹಾಸ, ಅಧ್ಯಕ್ಷರ ಸಂದೇಶ, ಧ್ಯೇಯವಾಕ್ಯ ಮುಂತಾದವು ಈ ಕ್ರಮದಲ್ಲಿ ಎಲ್ಲಿ ಬಂದು ನಿಲ್ಲುತ್ತವೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಬ್ರಿಟನ್ ಸರ್ಕಾರ 2012ರ ಅಕ್ಟೋಬರಿನಲ್ಲಿ ತೆರೆದ ಗವ್.ಯುಕೆ ತಾಣ ಈ ಕ್ರಮಕ್ಕೆ ದೊಡ್ಡ ಉದಾಹರಣೆ. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಡೈರೆಕ್ಟ್‌ಗವ್ ಮತ್ತು ಬಿಸಿನೆಸ್ ಲಿಂಕ್ ಎಂಬ ಎರಡು ತಾಣಗಳ ಜಾಗದಲ್ಲಿ ಬಂದ ಅದರಲ್ಲಿ ಅಲಂಕಾರ ಎನ್ನಬಹುದಾದದ್ದು ಬಹುತೇಕ ಇಲ್ಲ: ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ನೀಲಿ ಕೊಂಡಿ. ಇಲಾಖೆಗಳು ಏನು ಹೇಳಬಯಸುತ್ತವೆ ಎಂಬುದರ ಬದಲು ಜನರಿಗೆ ಏನು ಬೇಕು ಎಂಬಲ್ಲಿಂದ ಆರಂಭಿಸಬೇಕು, ಬಳಸುವವರಿಗೆ ಸರಳವಾಗಲು ಬೇಕಾದ ಕಷ್ಟದ ಕೆಲಸವನ್ನು ಕಟ್ಟುವ ತಂಡವೇ ಮಾಡಬೇಕು ಎಂಬುವು ಆ ತಂಡ ಬಹಿರಂಗವಾಗಿ ಪ್ರಕಟಿಸಿದ ತತ್ತ್ವಗಳಲ್ಲಿ ಸೇರಿವೆ. ನೋಡಲು ಸಪ್ಪೆ ಎನಿಸುವ ಆ ತಾಣಕ್ಕೆ 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ವಿನ್ಯಾಸ ಎಂಬ ಗೌರವವನ್ನು ಕೊಟ್ಟಿತು.

ಪುಟಗಳ ಲೆಕ್ಕ

ಹಳೆಯ ತಾಣವಿದ್ದರೆ ಅದರಲ್ಲಿರುವ ಪ್ರತಿಯೊಂದು ಪುಟದ ವಿಳಾಸವನ್ನೂ ಒಂದು ಕೋಷ್ಟಕದಲ್ಲಿ ಬರೆದುಕೊಂಡು, ಅದು ನಿಮ್ಮ ಪಟ್ಟಿಯ ಯಾವ ಪ್ರಶ್ನೆಗೆ ಉತ್ತರ, ಅದನ್ನು ತಿದ್ದುವ ಹೊಣೆ ಯಾರದು ಎಂಬ ಎರಡು ವಿಷಯಗಳನ್ನು ಪಕ್ಕದಲ್ಲಿ ತುಂಬಿಸಿ. ಎರಡೂ ಕಡೆ ಖಾಲಿ ಉಳಿದ ಪುಟ ಹೋಗಲೇಬೇಕು. ಒಂದೇ ಪ್ರಶ್ನೆಗೆ ಮೂರು ಪುಟಗಳು ಉತ್ತರಿಸುತ್ತಿದ್ದರೆ ಅವುಗಳನ್ನು ಒಂದಾಗಿಸಿ. ಮೂರರಲ್ಲಿ ಎರಡು ಹಳತಾಗಿ, ಒಂದಕ್ಕೊಂದು ವಿರುದ್ಧವಾದ ಮಾಹಿತಿ ಕೊಡುತ್ತಿರುವುದು ಇಂತಹ ಕಡೆಗಳಲ್ಲಿ ಸಾಮಾನ್ಯ. ತೆಗೆದ ಪುಟಗಳ ವಿಳಾಸಗಳನ್ನು ಮಾತ್ರ ಸುಮ್ಮನೆ ಬಿಡಬಾರದು. ಯಾರೋ ಎಲ್ಲಿಯೋ ಉಳಿಸಿಟ್ಟುಕೊಂಡ ಕೊಂಡಿ ಮುರಿಯದಂತೆ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ಪುಟಕ್ಕೆ ಕಳುಹಿಸುವ ಶಾಶ್ವತ ಮರುನಿರ್ದೇಶನವನ್ನು, ಅಂದರೆ ಸರ್ವರ್‌ನಲ್ಲಿ 301 ಎಂಬ ಸಂಖ್ಯೆಯಿಂದ ಸೂಚಿಸುವ ವ್ಯವಸ್ಥೆಯನ್ನು, ಪ್ರತಿಯೊಂದಕ್ಕೂ ಮಾಡಿಡಬೇಕು. ಬೇಸರ ತರಿಸುವ ಕೆಲಸವಿದು; ಆದರೆ ಹಳೆಯ ಕೊಂಡಿಯನ್ನು ಒತ್ತಿ ‘ಪುಟ ಸಿಗಲಿಲ್ಲ’ ಎಂಬ ಬರಹದ ಮುಂದೆ ನಿಲ್ಲುವವರ ಬೇಸರ ಇದಕ್ಕಿಂತ ಹೆಚ್ಚಿನದು.

ಮೆನುವಿನ ವಿಷಯ

ಮೆನುವಿನಲ್ಲಿ ಏಳಕ್ಕಿಂತ ಹೆಚ್ಚು ಅಂಶಗಳು ಇರಬಾರದು ಎಂಬ ಮಾತನ್ನು ವಿನ್ಯಾಸಕರ ಬಾಯಲ್ಲಿ ಆಗಾಗ ಕೇಳುತ್ತೇವೆ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಬಂಧವನ್ನು ಅದಕ್ಕೆ ಆಧಾರವಾಗಿ ತೋರಿಸಲಾಗುತ್ತದೆ, ಆದರೆ ಆ ಪ್ರಬಂಧ ಚರ್ಚಿಸುವುದು ಮನುಷ್ಯನ ತಕ್ಷಣದ ನೆನಪಿನ ಮಿತಿಯನ್ನು. ಮೆನುವನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ; ಅದು ಕಣ್ಣ ಮುಂದೆಯೇ ಇರುತ್ತದೆ. ಇಲ್ಲಿ ಹೆಚ್ಚು ಸಲ್ಲುವುದು ಇನ್ನೊಬ್ಬ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲಿ ಪ್ರಕಟಿಸಿದ ಪ್ರಯೋಗಗಳ ಫಲ: ಆಯ್ಕೆಗಳು ಹೆಚ್ಚಿದಂತೆ ನಿರ್ಧಾರಕ್ಕೆ ಹಿಡಿಯುವ ಸಮಯವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ, ಲಾಗರಿದಮ್‌ನ ನಿಧಾನಗತಿಯಲ್ಲಿ. ಆದ್ದರಿಂದ ಒಂಬತ್ತು ಸ್ಪಷ್ಟವಾದ ಹೆಸರುಗಳಿರುವ ಮೆನು, ಎಲ್ಲವನ್ನೂ ಐದು ಮಸುಕಾದ ಹೆಸರುಗಳಡಿ ತುರುಕಿದ ಮೆನುಗಿಂತ ಮೇಲು. ‘ಸಂಪನ್ಮೂಲಗಳು’, ‘ಪರಿಹಾರಗಳು’, ‘ಇನ್ನಷ್ಟು’ ಎಂಬ ಹೆಸರುಗಳ ಹಿಂದೆ ಏನಿದೆ ಎಂದು ತಿಳಿಯಲು ಒತ್ತಿ ನೋಡುವುದೊಂದೇ ದಾರಿ. ‘ಶುಲ್ಕ’, ‘ಸಮಯ ಮತ್ತು ವಿಳಾಸ’, ‘ಅರ್ಜಿ ಸಲ್ಲಿಸಿ’ ಎಂಬವುಗಳಿಗೆ ಆ ಕಷ್ಟವಿಲ್ಲ.

ಅಗಲವಾದ ಪರದೆಯಲ್ಲಿ ಮೆನುವನ್ನು ಮೂರು ಗೆರೆಗಳ ಹಿಂದೆ ಬಚ್ಚಿಡಬೇಡಿ. ಜಾಗವಿದ್ದೂ ಬಚ್ಚಿಡುವುದಕ್ಕೆ ನೋಟದ ಚೆಂದವೊಂದನ್ನು ಬಿಟ್ಟು ಬೇರೆ ಕಾರಣವಿಲ್ಲ, ಮತ್ತು ಕಣ್ಣಿಗೆ ಬೀಳದ್ದನ್ನು ಜನ ಕಡಿಮೆ ಬಳಸುತ್ತಾರೆ. ಫೋನಿನ ಪರದೆಯಲ್ಲಿ ಅನಿವಾರ್ಯವಾದರೆ ಆ ಚಿಹ್ನೆಯ ಪಕ್ಕದಲ್ಲಿ ‘ಮೆನು’ ಎಂಬ ಪದವನ್ನು ಬರೆಯಿರಿ, ಜನರು ಹೆಚ್ಚು ಬಳಸುವ ಎರಡು ಕೊಂಡಿಗಳನ್ನಾದರೂ ಹೊರಗೆ ಕಾಣುವಂತೆ ಉಳಿಸಿ.

ನಿಮ್ಮ ತಾಣಕ್ಕೆ ಬರುವವರು ತಮ್ಮ ಸಮಯದ ಬಹುಭಾಗವನ್ನು ಕಳೆಯುವುದು ಬೇರೆ ತಾಣಗಳಲ್ಲಿ ಎಂದು ಬಳಕೆಯ ಸುಲಭತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಯಾಕೊಬ್ ನೀಲ್ಸನ್ ನೆನಪಿಸುತ್ತಾರೆ. ಅಲ್ಲಿ ಕಲಿತ ಅಭ್ಯಾಸಗಳನ್ನೇ ಅವರು ಇಲ್ಲಿಗೂ ತರುತ್ತಾರೆ: ಲಾಂಛನವನ್ನು ಒತ್ತಿದರೆ ಮುಖಪುಟಕ್ಕೆ ಹೋಗುತ್ತೇವೆ, ಹುಡುಕು ಪೆಟ್ಟಿಗೆ ಪುಟದ ಮೇಲ್ಭಾಗದಲ್ಲಿರುತ್ತದೆ, ಸಂಪರ್ಕದ ವಿವರ ಬುಡದಲ್ಲಿಯಾದರೂ ಇದ್ದೇ ಇರುತ್ತದೆ, ಅಡಿಗೆರೆಯಿರುವ ಪದ ಕೊಂಡಿಯಾಗಿರುತ್ತದೆ. ಹೊಸತನವನ್ನು ಬರಹದಲ್ಲಿ, ಚಿತ್ರದಲ್ಲಿ, ಹೇಳುವ ವಿಷಯದಲ್ಲಿ ತೋರಿಸಿ. ಈ ಅಭ್ಯಾಸಗಳ ಮೇಲೆ ತೋರಿಸಬೇಡಿ. ಕೊಂಡಿಯಲ್ಲದ ಪದಕ್ಕೆ ಅಡಿಗೆರೆ ಎಳೆಯುವುದೂ ಕೊಂಡಿಯಾದ ಪದದಿಂದ ಅಡಿಗೆರೆಯನ್ನು ಕಿತ್ತುಹಾಕುವುದೂ ಒಂದೇ ಬಗೆಯ ತಪ್ಪು. ಕೊಂಡಿಯ ಪದಗಳೂ ಎಲ್ಲಿಗೆ ಹೋಗುತ್ತೇವೆಂದು ಹೇಳುವಂತಿರಬೇಕು. ‘ಇಲ್ಲಿ ಒತ್ತಿ’ ಎಂಬುದು, ಪುಟವನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಕೊಂಡಿಗಳನ್ನಷ್ಟೇ ಕೇಳುತ್ತಾ ಹೋಗುವ ದೃಷ್ಟಿದೋಷವುಳ್ಳವರಿಗೆ ಏನನ್ನೂ ತಿಳಿಸುವುದಿಲ್ಲ.

ಅಕ್ಷರ, ಬಣ್ಣ ಮತ್ತು ಖಾಲಿ ಜಾಗ

ಖಾಲಿ ಜಾಗವನ್ನು ಅಲಂಕಾರವೆಂದು ಭಾವಿಸಿ ಎಲ್ಲೆಡೆ ಸಮನಾಗಿ ಹರಡುವವರಿದ್ದಾರೆ. ಅದರ ನಿಜವಾದ ಕೆಲಸ ಯಾವುದು ಯಾವುದಕ್ಕೆ ಸೇರಿದ್ದು ಎಂದು ತಿಳಿಸುವುದು. ಹತ್ತಿರ ಹತ್ತಿರ ಇರುವ ವಸ್ತುಗಳನ್ನು ನಮ್ಮ ಕಣ್ಣು ಒಂದೇ ಗುಂಪಾಗಿ ಕಾಣುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ 1923ರಲ್ಲಿಯೇ ವಿವರಿಸಿದ್ದರು. ಶೀರ್ಷಿಕೆಗೂ ಅದರ ಕೆಳಗಿನ ಬರಹಕ್ಕೂ ನಡುವೆ ಕಡಿಮೆ ಅಂತರ, ಶೀರ್ಷಿಕೆಗೂ ಅದರ ಮೇಲಿನ ಭಾಗಕ್ಕೂ ನಡುವೆ ಹೆಚ್ಚು ಅಂತರ ಇಟ್ಟರೆ ಗೆರೆ, ಚೌಕಟ್ಟು, ಬಣ್ಣದ ಪಟ್ಟಿಗಳಲ್ಲಿ ಬಹುಪಾಲು ಬೇಕಾಗುವುದೇ ಇಲ್ಲ. ಚೌಕಟ್ಟು ಹಾಕಬೇಕೆಂದು ಅನಿಸಿದಾಗಲೆಲ್ಲ ಮೊದಲು ಅಂತರವನ್ನು ಸರಿಪಡಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಮುಖ್ಯ ಬರಹದ ಅಕ್ಷರ ಬ್ರೌಸರ್‌ಗಳು ಸಹಜವಾಗಿ ಕೊಡುವ 16 ಪಿಕ್ಸೆಲ್‌ಗಿಂತ ಚಿಕ್ಕದಾಗಿರಬಾರದು. ಸಾಲಿನ ಉದ್ದ ಪರದೆಯ ಈ ತುದಿಯಿಂದ ಆ ತುದಿಯವರೆಗೆ ಹರಿಯಲು ಬಿಡದೆ, ಸುಮಾರು 45ರಿಂದ 75 ಅಕ್ಷರಗಳಿಗೆ ಮಿತಗೊಳಿಸಿದರೆ ಒಂದು ಸಾಲು ಮುಗಿದಾಗ ಮುಂದಿನ ಸಾಲಿನ ತಲೆಯನ್ನು ಕಣ್ಣು ತಡಕಾಡದೆ ಹಿಡಿಯುತ್ತದೆ. ಸಾಲುಗಳ ನಡುವಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟು ಇಡಬೇಕೆಂಬುದು ಸಾಮಾನ್ಯ ಸೂತ್ರ. ಕನ್ನಡದಂತೆ ಒತ್ತಕ್ಷರಗಳು ಕೆಳಗಿಳಿಯುವ ಲಿಪಿಗಳಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ಮುಟ್ಟುತ್ತದೆ. ಒಂದು ಫಾಂಟ್ ಸಾಕು, ಎರಡು ಧಾರಾಳ. ಒತ್ತಿ ಹೇಳಬೇಕಾದಲ್ಲಿ ದಪ್ಪಕ್ಷರ ಬಳಸಿ. ಓರೆ ಅಕ್ಷರ ನಮ್ಮ ಲಿಪಿಯ ಸ್ವಭಾವದ್ದಲ್ಲ, ಬ್ರೌಸರ್ ಬಲವಂತವಾಗಿ ಬಾಗಿಸಿದ ದುಂಡಕ್ಷರಗಳನ್ನು ನೋಡಿದವರಿಗೆ ಅದು ಗೊತ್ತಿರುತ್ತದೆ.

ಬಣ್ಣದಲ್ಲಿ ನನಗೆ ಕಾಣುವ ದೊಡ್ಡ ದೋಷ ಬಿಳಿ ಹಿನ್ನೆಲೆಯ ಮೇಲಿನ ತಿಳಿ ಬೂದು ಅಕ್ಷರ. ಅದು ಸೌಮ್ಯವಾಗಿ, ‘ಸರಳ’ವಾಗಿ ಕಾಣುತ್ತದೆ ಎಂದು ಆರಿಸುತ್ತಾರೆ, ಆದರೆ ಬಿಸಿಲಿನಲ್ಲಿ ಫೋನ್ ಹಿಡಿದವರೂ ಕಣ್ಣು ಮಂಜಾದವರೂ ಅದನ್ನು ಓದಲಾರರು. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಸುಲಭಪ್ರವೇಶ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1ರಷ್ಟು, ದೊಡ್ಡ ಅಕ್ಷರಕ್ಕೆ 3:1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕು. ಬಿಳಿಯ ಮೇಲೆ #999999 ಎಂಬ ಬೂದು ಬಣ್ಣ ಕೊಡುವುದು 2.85:1 ಮಾತ್ರ, #767676 ಎಂಬ ಬೂದು 4.5:1ರ ಗೆರೆಯನ್ನು ಕಷ್ಟದಿಂದ ದಾಟುತ್ತದೆ. ಇದನ್ನು ಅಳೆದು ಹೇಳುವ ಉಪಕರಣ ಈಗ ಬ್ರೌಸರ್‌ಗಳ ಒಳಗೇ ಇರುವುದರಿಂದ ಊಹೆಗೆ ಎಡೆಯಿಲ್ಲ. ಇದರ ಜೊತೆಗೆ, ಒಂದು ಬಣ್ಣವನ್ನು ಒತ್ತಬಹುದಾದ ವಸ್ತುಗಳಿಗೆಂದೇ ಮೀಸಲಿಡಿ, ಬೇರೆಲ್ಲಿಯೂ ಬಳಸಬೇಡಿ. ಎರಡು ಪುಟ ನೋಡುವಷ್ಟರಲ್ಲಿ ಜನ ಆ ಬಣ್ಣದ ಅರ್ಥವನ್ನು ತಾವೇ ಕಲಿತಿರುತ್ತಾರೆ. ಆದರೆ ‘ಕೆಂಪು ಎಂದರೆ ತಪ್ಪು’ ಎಂಬಂತೆ ಬರೀ ಬಣ್ಣದಿಂದ ಸೂಚನೆ ಕೊಡಬಾರದು, ಜೊತೆಗೆ ಪದವೂ ಇರಬೇಕು.

ಮುಖಪುಟದಲ್ಲಿ ತಾನೇ ತಾನಾಗಿ ಸರಿಯುವ ಚಿತ್ರಗಳ ಸಾಲಿನ ಬಗ್ಗೆ ಎರಡು ಮಾತು. ಸಂಸ್ಥೆಯ ಮೂರು ವಿಭಾಗಗಳು ಮುಖಪುಟದ ಒಂದೇ ಜಾಗಕ್ಕಾಗಿ ಜಗಳವಾಡಿದಾಗ ಎಲ್ಲರನ್ನೂ ಸಮಾಧಾನಪಡಿಸಲು ಹುಟ್ಟುವ ವಸ್ತುವಿದು. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ತಾಣದಲ್ಲಿ ಮಾಡಿ, 2013ರಲ್ಲಿ ಪ್ರಕಟಿಸಿದ ಎಣಿಕೆಯೊಂದರಲ್ಲಿ ಅಂತಹ ಚಿತ್ರಗಳನ್ನು ಒತ್ತಿದವರು ಬಂದವರಲ್ಲಿ ಶೇಕಡ 1ರಷ್ಟು ಮಾತ್ರ, ಅವರಲ್ಲಿಯೂ ಬಹುಪಾಲು ಒತ್ತಿದ್ದು ಮೊದಲ ಚಿತ್ರವನ್ನು. ಹೊಳೆಯುವ, ಚಲಿಸುವ, ಜಾಹೀರಾತಿನಂತೆ ಕಾಣುವ ಭಾಗಗಳನ್ನು ಜನ ನೋಡದೆಯೇ ದಾಟುತ್ತಾರೆ ಎಂಬುದನ್ನು 1998ರಷ್ಟು ಹಿಂದೆಯೇ ಸಂಶೋಧಕರು ಗುರುತಿಸಿ, ಅದಕ್ಕೆ ಬ್ಯಾನರ್ ಕುರುಡು ಎಂಬರ್ಥದ ಹೆಸರನ್ನೂ ಇಟ್ಟಿದ್ದರು. ಒಂದು ಚಿತ್ರವನ್ನು ಆರಿಸಿ, ಅದನ್ನು ಸ್ಥಿರವಾಗಿ ಇಡಿ. ಪುಟ ತೆರೆದ ತಕ್ಷಣ ಎದ್ದು ನಿಲ್ಲುವ ಪಾಪ್‌ಅಪ್‌ಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ; ಅವುಗಳನ್ನು ಮುಚ್ಚುವ ಗುಂಡಿಯನ್ನು ಹುಡುಕುವುದೇ ಬಂದವರ ಮೊದಲ ಕೆಲಸವಾಗಬಾರದು.

ಎಲ್ಲ ಪುಟಗಳೂ ವಿರಳವಾಗಿರಬೇಕೆಂದು ಇದರಿಂದ ತಿಳಿಯಬಾರದು. ವೇಳಾಪಟ್ಟಿ, ದರಪಟ್ಟಿ, ಹೋಲಿಕೆಯ ಕೋಷ್ಟಕ ಮುಂತಾದವು ಒತ್ತಾಗಿದ್ದರೇ ಉಪಯುಕ್ತ, ಏಕೆಂದರೆ ಅಲ್ಲಿ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಲಿಸುತ್ತಾ ಸಾಗಬೇಕು. ಒಂದು ದಿನದ ವೇಳಾಪಟ್ಟಿಯನ್ನು ದೊಡ್ಡ ಅಕ್ಷರದ ಹದಿನೈದು ಚೌಕಗಳಾಗಿ ಒಡೆದು, ಆರು ಸಲ ಪರದೆಯನ್ನು ಸರಿಸುವಂತೆ ಮಾಡಿದರೆ ಅದು ಸರಳವಾಗುವುದಿಲ್ಲ. ದಿನವಿಡೀ ಒಂದೇ ತಾಣದಲ್ಲಿ ಕೆಲಸ ಮಾಡುವ ನುರಿತವರಿಗೂ ಇದೇ ಮಾತು ಅನ್ವಯಿಸುತ್ತದೆ.

ಫಾರ್ಮ್‌ಗಳು

ಶ್ರಮ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಎದುರಾಗುವುದು ಫಾರ್ಮ್‌ಗಳಲ್ಲಿ. ಒಮ್ಮೆ ಒಂದು ತಾಣದಲ್ಲಿ ಹೆಸರು ನೋಂದಾಯಿಸಲು ಹೋಗಿ, ಫೋನ್ ಸಂಖ್ಯೆಯ ನಡುವೆ ಓದಲು ಅನುಕೂಲವಾಗಲೆಂದು ಒಂದು ಜಾಗ ಬಿಟ್ಟಿದ್ದಕ್ಕೆ ‘ಅಮಾನ್ಯ ಸಂಖ್ಯೆ’ ಎಂಬ ಉತ್ತರ ಪಡೆದೆ. ತಿದ್ದಲು ಹೋದಾಗ ಅದುವರೆಗೆ ತುಂಬಿದ್ದ ಹನ್ನೆರಡು ಕಲಂಗಳೂ ಖಾಲಿಯಾಗಿದ್ದವು. ಆ ಜಾಗವನ್ನು ತೆಗೆದುಹಾಕಲು ಪ್ರೋಗ್ರಾಂನಲ್ಲಿ ಒಂದೇ ಸಾಲು ಸಾಕು. ಆ ಒಂದು ಸಾಲನ್ನು ಬರೆಯದೆ ಉಳಿಸಿದ ಶ್ರಮವನ್ನು ತಾಣಕ್ಕೆ ಬಂದ ಪ್ರತಿಯೊಬ್ಬರೂ ತೀರಿಸುತ್ತಿದ್ದರು.

ಆದ್ದರಿಂದ ಫಾರ್ಮ್‌ನ ಪ್ರತಿಯೊಂದು ಕಲಂ ಮುಂದೆಯೂ ನಿಂತು, ಇದನ್ನು ಕೇಳದಿದ್ದರೆ ಯಾವ ಕೆಲಸ ನಿಲ್ಲುತ್ತದೆ ಎಂದು ಪ್ರಶ್ನಿಸಿಕೊಳ್ಳಿ. ‘ಮುಂದೆ ಬೇಕಾಗಬಹುದು’ ಎಂಬುದು ಉತ್ತರವಾದರೆ ಆ ಕಲಂ ತೆಗೆಯಿರಿ. ತಿಳಿದಿರುವುದನ್ನು ಮತ್ತೆ ಕೇಳಬೇಡಿ. ಒಂದೇ ಪ್ರಕ್ರಿಯೆಯಲ್ಲಿ ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಟೈಪ್ ಮಾಡಿಸಬಾರದೆಂಬುದು 2023ರಲ್ಲಿ ಹೊರಬಂದ ಡಬ್ಲ್ಯು3ಸಿ ಮಾರ್ಗಸೂಚಿಯ 2.2ನೆಯ ಆವೃತ್ತಿಯಲ್ಲಿ ನಿಯಮವಾಗಿಯೇ ಸೇರಿದೆ. ಉಳಿದ ಕಲಂಗಳನ್ನು ಒಂದರ ಕೆಳಗೊಂದು ಒಂದೇ ಕಂಬದಲ್ಲಿ ಜೋಡಿಸಿ, ಪ್ರತಿಯೊಂದರ ಹೆಸರನ್ನು ಅದರ ಮೇಲೆ ಬರೆಯಿರಿ. ಹೆಸರನ್ನು ಪೆಟ್ಟಿಗೆಯ ಒಳಗೆ ಮಸುಕಾದ ಅಕ್ಷರದಲ್ಲಿ ಇಡುವ ರೂಢಿ ಜಾಗ ಉಳಿಸುತ್ತದೆಯಾದರೂ, ಟೈಪ್ ಮಾಡಲು ತೊಡಗಿದೊಡನೆ ಅದು ಮಾಯವಾಗಿ ಇಲ್ಲಿ ಏನು ಬರೆಯಬೇಕಿತ್ತು ಎಂದು ಯೋಚಿಸುವಂತೆ ಮಾಡುತ್ತದೆ. ಫೋನ್ ಸಂಖ್ಯೆಯ ಪೆಟ್ಟಿಗೆಗೆ ಹೋದಾಗ ಅಂಕಿಗಳ ಕೀಲಿಮಣೆ, ಇಮೇಲ್ ಪೆಟ್ಟಿಗೆಗೆ ಹೋದಾಗ ಅದಕ್ಕೆ ಒಪ್ಪುವ ಕೀಲಿಮಣೆ ತಾನಾಗಿ ಮೂಡುವಂತೆ, ಪುಟಗಳನ್ನು ಬರೆಯುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಪೆಟ್ಟಿಗೆಯ ಬಗೆಯನ್ನು ನಮೂದಿಸಿದರೆ ಸಾಕು. ಬ್ರೌಸರ್ ನೆನಪಿಟ್ಟುಕೊಂಡ ಹೆಸರು, ವಿಳಾಸಗಳು ತಾವಾಗಿ ತುಂಬಿಕೊಳ್ಳಲೂ ಇಂತಹದೇ ಒಂದು ಗುರುತು ಇದೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಅಂಟಿಸುವುದನ್ನು ತಡೆಯುವುದು ಭದ್ರತೆಯಲ್ಲ. ಕಠಿಣ ಪಾಸ್‌ವರ್ಡ್‌ಗಳನ್ನು ಇಟ್ಟುಕೊಳ್ಳಲು ತಂತ್ರಾಂಶ ಬಳಸುವ ಎಚ್ಚರಿಕೆಯವರಿಗೆ ಕೊಡುವ ಶಿಕ್ಷೆ.

ಹುಟ್ಟಿದ ದಿನಾಂಕಕ್ಕೆ ಕ್ಯಾಲೆಂಡರ್ ತೆರೆಯುವ ತಾಣಗಳನ್ನು ನೋಡಿರುತ್ತೀರಿ. ಈ ತಿಂಗಳಿನಿಂದ ಆರಂಭಿಸಿ ನಲವತ್ತು ವರ್ಷ ಹಿಂದಕ್ಕೆ ಒಂದೊಂದೇ ತಿಂಗಳು ಸರಿಯುವುದಕ್ಕಿಂತ ದಿನ, ತಿಂಗಳು, ವರ್ಷ ಎಂಬ ಮೂರು ಪುಟ್ಟ ಪೆಟ್ಟಿಗೆಗಳಲ್ಲಿ ಬರೆಯುವುದು ಎಷ್ಟೋ ಬೇಗ ಮುಗಿಯುತ್ತದೆ. ಗವ್.ಯುಕೆ ತಂಡ ಅನುಸರಿಸುವುದೂ ಈ ಮೂರು ಪೆಟ್ಟಿಗೆಗಳ ಕ್ರಮವನ್ನೇ. ತಿಳಿದಿರುವ ದಿನಾಂಕವನ್ನು ಬರೆಯಲು ಪೆಟ್ಟಿಗೆ, ಮುಂಬರುವ ದಿನಗಳಲ್ಲಿ ಒಂದನ್ನು ಆರಿಸಲು ಕ್ಯಾಲೆಂಡರ್ ಎಂದು ವಿಂಗಡಿಸಿಕೊಳ್ಳಬಹುದು.

ತಪ್ಪಾದಾಗ ಬರುವ ಸಂದೇಶ ಆ ಕಲಂ ಪಕ್ಕದಲ್ಲಿಯೇ ಇರಬೇಕು, ಏನು ತಪ್ಪಾಯಿತು ಎಂಬುದರ ಜೊತೆಗೆ ಹೇಗೆ ಸರಿಪಡಿಸಬೇಕು ಎಂಬುದನ್ನೂ ಹೇಳಬೇಕು, ಬರೆದದ್ದನ್ನು ಎಂದಿಗೂ ಅಳಿಸಬಾರದು. ಬಟನ್‌ಗಳ ಗಾತ್ರದ ಬಗ್ಗೆ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ಕಂಡುಕೊಂಡ ನಿಯಮ ಇಂದಿಗೂ ನಿಂತಿದೆ: ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಸಮಯ ಹಿಡಿಯುತ್ತದೆ. ಮೇಲೆ ಹೇಳಿದ ಮಾರ್ಗಸೂಚಿ ಒತ್ತುವ ಜಾಗಕ್ಕೆ ಕನಿಷ್ಠ 24 ಪಿಕ್ಸೆಲ್ ಅಗಲ ಮತ್ತು ಎತ್ತರವನ್ನು ಕೇಳುತ್ತದೆ, ಅದರ ಉನ್ನತ ಮಟ್ಟ 44 ಪಿಕ್ಸೆಲ್. ಬೆರಳಿನಿಂದ ಬಳಸುವ ಪರದೆಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ‘ಸಲ್ಲಿಸಿ’ ಮತ್ತು ‘ರದ್ದುಮಾಡಿ’ ಎರಡೂ ಒಂದೇ ಬಣ್ಣ, ಒಂದೇ ಗಾತ್ರದಲ್ಲಿ ಅಕ್ಕಪಕ್ಕ ಕೂತಿರುವ ಫಾರ್ಮ್ ಯಾರದಾದರೂ ಅರ್ಧ ಗಂಟೆಯ ಕೆಲಸವನ್ನು ಒಂದಲ್ಲ ಒಂದು ದಿನ ನುಂಗಿಹಾಕುತ್ತದೆ.

ಪುಟದ ತೂಕ

ಕಣ್ಣಿಗೆ ಸರಳವಾಗಿ ಕಂಡರೂ ತೆರೆಯಲು ಎಂಟು ಸೆಕೆಂಡ್ ಹಿಡಿಯುವ ಪುಟ ಸರಳವಲ್ಲ. ಒಂದು ಸೆಕೆಂಡಿನವರೆಗೆ ಮನುಷ್ಯನ ಯೋಚನೆಯ ಎಳೆ ತುಂಡಾಗುವುದಿಲ್ಲ, ಹತ್ತು ಸೆಕೆಂಡ್ ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ ಎಂದು ನೀಲ್ಸನ್ 1993ರಲ್ಲಿ ಬರೆದರು. ಯಂತ್ರಗಳು ಎಷ್ಟೋ ಪಟ್ಟು ವೇಗವಾದವು, ಆದರೆ ಮನಸ್ಸಿನ ಈ ಅಳತೆ ಬದಲಾಗಿಲ್ಲ. ಗೂಗಲ್ 2020ರಿಂದ ಬಳಕೆಗೆ ತಂದ ಅಳತೆಗಳ ಪ್ರಕಾರ ಪುಟದ ಅತಿ ದೊಡ್ಡ ಭಾಗ 2.5 ಸೆಕೆಂಡ್‌ನೊಳಗೆ ಕಾಣಿಸಬೇಕು, ಪುಟ ತೆರೆಯುವಾಗ ಬರಹ ಅತ್ತಿತ್ತ ಜಿಗಿಯುವುದಕ್ಕೆ ಕೊಡುವ ಅಂಕ 0.1ನ್ನು ಮೀರಬಾರದು; ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡ್‌ನೊಳಗೆ ಸಿಗಬೇಕು ಎಂಬ ಅಳತೆ 2024ರ ಮಾರ್ಚ್‌ನಲ್ಲಿ ಇವುಗಳ ಜೊತೆ ಸೇರಿತು.

ತೂಕ ಎಲ್ಲಿಂದ ಬರುತ್ತದೆ ಎಂದು ನೋಡಿದರೆ ಬರಹದಿಂದಂತೂ ಅಲ್ಲ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಆದರೂ ಸಾವಿರ ಪದಗಳ ಲೇಖನ ಕೆಲವೇ ಹತ್ತು ಕಿಲೋಬೈಟ್‌ಗಳಲ್ಲಿ ಮುಗಿಯುತ್ತದೆ. ಫೋನಿನಿಂದ ತೆಗೆದು ಹಾಗೆಯೇ ಹಾಕಿದ ಒಂದು ಛಾಯಾಚಿತ್ರ ಮಾತ್ರ ಹಲವು ಮೆಗಾಬೈಟ್ ಇರುತ್ತದೆ. ಪುಟದಲ್ಲಿ 800 ಪಿಕ್ಸೆಲ್ ಅಗಲ ಕಾಣುವ ಚಿತ್ರಕ್ಕೆ, ಅಷ್ಟೇ ಅಗಲದಲ್ಲಿ ಎರಡು ಪಟ್ಟು ಪಿಕ್ಸೆಲ್‌ಗಳಿರುವ ದಟ್ಟ ಪರದೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ 1600 ಪಿಕ್ಸೆಲ್ ಸಾಕು. ಅಳತೆ ಇಳಿಸಿ, ಕಡತವನ್ನು ಹಗುರವಾಗಿಸುವ ವೆಬ್‌ಪಿ ಅಥವಾ ಎವಿಐಎಫ್ ರೂಪದಲ್ಲಿ ಉಳಿಸಿ, ಚಿತ್ರದ ಅಗಲ ಮತ್ತು ಎತ್ತರವನ್ನು ಎಚ್‌ಟಿಎಂಎಲ್‌ನಲ್ಲಿ ನಮೂದಿಸಿ. ಚಿತ್ರ ಬರುವ ಮೊದಲೇ ಬ್ರೌಸರ್ ಅದಕ್ಕೆ ಜಾಗ ಕಾಯ್ದಿರಿಸುವುದರಿಂದ ಬರಹ ಜಿಗಿಯುವುದು ನಿಲ್ಲುತ್ತದೆ. ಎರಡನೆಯ ಹೊರೆ ಹೊರಗಿನ ಸ್ಕ್ರಿಪ್ಟ್‌ಗಳದ್ದು, ಅಂದರೆ ಬೇರೆಯವರಿಂದ ತಂದು ಪುಟಕ್ಕೆ ಸೇರಿಸಿದ ಪುಟ್ಟ ಪ್ರೋಗ್ರಾಂಗಳದ್ದು. ಬಂದವರ ಎಣಿಕೆಗೆ ಒಂದು, ಮಾತುಕತೆಯ ಪೆಟ್ಟಿಗೆಗೆ ಒಂದು, ಹಂಚಿಕೆಯ ಬಟನ್‌ಗಳಿಗೆ ಒಂದು, ಯಾವಾಗಲೋ ಪರೀಕ್ಷೆಗೆಂದು ಸೇರಿಸಿ ಮರೆತದ್ದು ಇನ್ನೊಂದು. ಪುಟ ಏನೇನನ್ನು ತರಿಸಿಕೊಳ್ಳುತ್ತದೆ ಎಂದು ತೋರಿಸುವ ಬ್ರೌಸರ್‌ನ ನೆಟ್‌ವರ್ಕ್ ಪಟ್ಟಿಯನ್ನು ತೆರೆದು ಒಂದೊಂದು ಸಾಲನ್ನೂ ಓದಿ, ಇದು ಯಾರಿಗಾಗಿ ಎಂದು ಹೇಳಲಾಗದ ಪ್ರತಿಯೊಂದನ್ನೂ ತೆಗೆದುಹಾಕಿ.

ಕಡಿಮೆ ಸಾಮಗ್ರಿಯಿಂದ ಕಟ್ಟಿದ್ದಕ್ಕೆ ಇನ್ನೊಂದು ಲಾಭವಿದೆ, ಅದು ಹೆಚ್ಚು ಕಾಲ ಬಾಳುತ್ತದೆ. ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿ, 1991ರ ಆಗಸ್ಟಿನಲ್ಲಿ ಹೊರಜಗತ್ತಿಗೆ ತಿಳಿಸಿದ ಮೊದಲ ತಾಣ ಬರೀ ಬರಹ ಮತ್ತು ಕೊಂಡಿಗಳಿಂದ ಕೂಡಿತ್ತು. ಸರ್ನ್ ಕಾಪಾಡಿಕೊಂಡು ಬಂದಿರುವ ಅದರ ಪುಟಗಳನ್ನು ಇಂದಿನ ಫೋನಿನಲ್ಲಿಯೂ ತೊಂದರೆಯಿಲ್ಲದೆ ಓದಬಹುದು. ಅದಕ್ಕೂ ಎಷ್ಟೋ ವರ್ಷಗಳ ನಂತರ, ‘ಪೀಠಿಕೆ ಬಿಟ್ಟು ಮುಂದೆ ಸಾಗಿ’ ಎಂಬ ಬಟನ್ ಹೊತ್ತು, ಚಲಿಸುವ ಚಿತ್ರಗಳಿಗೆ ಬಳಸುತ್ತಿದ್ದ ಫ್ಲ್ಯಾಶ್‌ನಲ್ಲಿ ಮೆರೆದ ತಾಣಗಳು ಆ ತಂತ್ರಜ್ಞಾನಕ್ಕೆ 2020ರ ಕೊನೆಯ ದಿನ ಬೆಂಬಲ ನಿಂತ ಮೇಲೆ ಸಾಮಾನ್ಯ ಬ್ರೌಸರ್‌ಗಳಲ್ಲಿ ತೆರೆಯುವುದೇ ಇಲ್ಲ.

ಪಕ್ಕದಲ್ಲಿ ಕೂತು ನೋಡುವುದು

ಕಟ್ಟಿದವರಿಗೆ ತಮ್ಮ ತಾಣ ಸರಳವಾಗಿಯೇ ಕಾಣುತ್ತದೆ, ಯಾವುದು ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದಲ್ಲ. ಆದ್ದರಿಂದ ತಾಣವನ್ನು ಹಿಂದೆಂದೂ ನೋಡಿರದ ನಾಲ್ಕೈದು ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿ, ಪಟ್ಟಿಯ ಮೊದಲ ಪ್ರಶ್ನೆಗಳನ್ನು ಕೊಟ್ಟು ಉತ್ತರ ಹುಡುಕಲು ಹೇಳಿ, ನೀವು ಬಾಯಿ ಮುಚ್ಚಿ ಪಕ್ಕದಲ್ಲಿ ಕುಳಿತಿರಿ. ‘ಅಲ್ಲಿ ಮೇಲೆ ನೋಡಿ’ ಎಂದು ಹೇಳಲು ನಾಲಿಗೆ ತವಕಿಸುವ ಪ್ರತಿಯೊಂದು ಕ್ಷಣವೂ ತಿದ್ದಬೇಕಾದ ಒಂದು ಜಾಗ, ಅದನ್ನು ಬರೆದುಕೊಳ್ಳಿ. ಆಮೇಲೆ ಹಳೆಯ, ಅಗ್ಗದ ಫೋನೊಂದರಲ್ಲಿ ತಾಣವನ್ನು ತೆರೆದು ನೋಡಿ. ಮೌಸ್ ಮುಟ್ಟದೆ ಟ್ಯಾಬ್ ಕೀಲಿಯೊಂದರಿಂದಲೇ ಫಾರ್ಮ್ ತುಂಬಲು ಆಗುತ್ತದೆಯೇ ಎಂದು ಪರೀಕ್ಷಿಸಿ. ಅಕ್ಷರವನ್ನು ಶೇಕಡ 200ಕ್ಕೆ ಹಿಗ್ಗಿಸಿದಾಗ ಬರಹ ಕತ್ತರಿಸಿ ಹೋಗುತ್ತದೆಯೇ, ಒಂದರ ಮೇಲೊಂದು ಬೀಳುತ್ತದೆಯೇ ಎಂಬುದನ್ನೂ ಗಮನಿಸಿ.

‘ಇದೊಂದನ್ನು ಸೇರಿಸಿ’

ತಾಣ ತೆರೆದ ಮೂರನೆಯ ವಾರದಲ್ಲಿ ಮೊದಲ ಕೋರಿಕೆ ಬರುತ್ತದೆ: ಮುಖಪುಟದಲ್ಲಿ ಇದೊಂದನ್ನು ಸೇರಿಸಿ. ಕೇಳುವವರು ಹಿರಿಯರಾಗಿರುತ್ತಾರೆ, ಕೋರಿಕೆ ಚಿಕ್ಕದಾಗಿರುತ್ತದೆ, ಬೇಡವೆನ್ನಲು ಸಂಕೋಚವಾಗುತ್ತದೆ. ಅಂತಹ ಇಪ್ಪತ್ತು ಕೋರಿಕೆಗಳ ಕೊನೆಗೆ ಹಳೆಯ ತಾಣವೇ ಹೊಸ ಬಣ್ಣದಲ್ಲಿ ಮರಳಿ ಬಂದಿರುತ್ತದೆ. ನಾನು ಕಂಡುಕೊಂಡ ಉಪಾಯವೆಂದರೆ ಬೇಡ ಎನ್ನುವ ಬದಲು ಮೂರು ಪ್ರಶ್ನೆಗಳಿರುವ ಒಂದು ಚೀಟಿಯನ್ನು ಅವರ ಕೈಗೆ ಕೊಡುವುದು: ಇದು ಪಟ್ಟಿಯ ಯಾವ ಪ್ರಶ್ನೆಗೆ ಉತ್ತರ, ಇದರ ಬದಲು ಮುಖಪುಟದಿಂದ ಯಾವುದನ್ನು ತೆಗೆಯೋಣ, ಇದನ್ನು ಯಾವ ದಿನ ಇಳಿಸಬೇಕು. ಎರಡನೆಯ ಪ್ರಶ್ನೆಯ ಬಳಿ ಅರ್ಧದಷ್ಟು ಕೋರಿಕೆಗಳು ನಿಂತುಬಿಡುತ್ತವೆ. ಮೂರನೆಯದಕ್ಕೆ ಉತ್ತರಿಸಿದವರ ಪ್ರಕಟಣೆಯನ್ನು ಸಂತೋಷದಿಂದ ಹಾಕಿ, ಹೇಳಿದ ದಿನ ತಪ್ಪದೆ ಇಳಿಸಿ.

ತೆಗೆದುಹಾಕಿದ್ದರದ್ದೂ ಒಂದು ದಾಖಲೆ ಇಡಿ. ಯಾವ ಭಾಗವನ್ನು, ಯಾವಾಗ, ಯಾವ ಕಾರಣಕ್ಕೆ ತೆಗೆದಿರಿ ಎಂದು ಒಂದೊಂದು ಸಾಲು ಬರೆದಿದ್ದರೆ ಸಾಕು. ನಿಮ್ಮ ನಂತರ ತಾಣವನ್ನು ನೋಡಿಕೊಳ್ಳುವವರು ಖಾಲಿ ಜಾಗವನ್ನು ಕಂಡು, ಯಾರೋ ಮರೆತಿದ್ದಾರೆಂದು ತಿಳಿದು ಅದನ್ನೇ ಮತ್ತೆ ತುಂಬಿಸದಂತೆ ಆ ಸಾಲುಗಳು ನೋಡಿಕೊಳ್ಳುತ್ತವೆ. ಆರಂಭದಲ್ಲಿ ಹೇಳಿದ ಸಂಸ್ಥೆಯ ತಾಣದ ದಾಖಲೆಯಲ್ಲಿ ಮೊದಲ ಸಾಲು ನನ್ನ ಆ ದೊಡ್ಡ ಚಿತ್ರದ್ದು. ಅದು ಇದ್ದ ಜಾಗದಲ್ಲಿ ಈಗ ಕಚೇರಿ ತೆರೆಯುವ ಮತ್ತು ಮುಚ್ಚುವ ಸಮಯವಿದೆ.